ರೋಬೋಟ್ ತೋರಿಸಿ ಬಂದರೆ ಸಾಲದು

ಇಂಜಿನಿಯರಿಂಗ್ ಹುಡುಗರು ಸರ್ಕಾರಿ ಶಾಲೆಗಳಿಗೆ ರೋಬೋಟ್ ತಗೊಂಡು ಹೋಗುವುದು ಈಚೆಗೆ ಜಾಸ್ತಿ ಆಗಿದೆ. ಗಾಡಿ ಓಡಿಸಿ ತೋರಿಸುತ್ತಾರೆ, ಮಕ್ಕಳು ಚಪ್ಪಾಳೆ ಹೊಡೆಯುತ್ತಾರೆ, ಹೆಡ್‌ಮಾಸ್ತರರ ಜೊತೆ ಒಂದು ಫೋಟೋ, ಮುಗೀತು. ಮರುದಿನ ಪೇಪರಿನಲ್ಲಿ 'ಸಮಾಜಮುಖಿ ಕಾರ್ಯ' ಅಂತ ಸುದ್ದಿ.

ಬಾಗಲಕೋಟೆಯಲ್ಲಿ ಎಲೆಕ್ಟ್ರಾನಿಕ್ಸ್ ಕಲಿಸುವವನು ನಾನು. ಈ ಕೆಲಸಕ್ಕೆ ನನ್ನ ವಿರೋಧ ಇಲ್ಲ. ಆದರೆ ಇದನ್ನು ಸೇವೆ ಅಂದರೆ ನಗು ಬರುತ್ತದೆ. ಅಲ್ಲಿ ನಿಜವಾಗಿ ಪಾಠ ಆಗುವುದು ನಮ್ಮ ಹುಡುಗರಿಗೇ. ಅದೂ ಒಂದೇ ಶಾಲೆಗೆ ವರ್ಷವಿಡೀ ಹೋದರೆ ಮಾತ್ರ.

ಯಾಕೆ ಅಂತ ಹೇಳುತ್ತೇನೆ. ಕಾಲೇಜ್ ಲ್ಯಾಬಿನಲ್ಲಿ ಗೆರೆ ಹಿಡಿದು ಓಡುವ ರೋಬೋಟ್ ಎಲ್ಲರೂ ಮಾಡುತ್ತಾರೆ. ಬಿಳಿ ಟೈಲ್ಸ್, ಕರಿ ಟೇಪು. ಗಾಡಿಯ ಸೆನ್ಸರ್ ಬಿಡುವ, ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕನ್ನು ಬಿಳಿ ವಾಪಸ್ ಕಳಿಸುತ್ತದೆ, ಕರಿ ನುಂಗುತ್ತದೆ, ಅಷ್ಟೇ ಲೆಕ್ಕ. ಅದೇ ಗಾಡಿಯನ್ನು ನಮ್ಮ ಹಳ್ಳಿ ಶಾಲೆಯ ಕರಿಗಲ್ಲಿನ ನೆಲದ ಮೇಲೆ ಬಿಟ್ಟರೆ ಗಿರಗಿರ ಸುತ್ತುತ್ತದೆ. ಬಾಗಿಲಿನಿಂದ ಬರುವ ಬಿಸಿಲಲ್ಲೂ ಇನ್‌ಫ್ರಾರೆಡ್ ಇರುತ್ತದೆ, ಅದು ಬೇರೆ ಕಾಟ. ನಮ್ಮ ಹುಡುಗಿಯರು ವೈರು ಎಳೆದು, ಬ್ಯಾಟರಿ ಬದಲಿಸಿ ಒದ್ದಾಡುತ್ತಿದ್ದಾಗ ಏಳನೇ ಕ್ಲಾಸಿನ ಒಬ್ಬಳು ಅಂದಳು: "ಅಕ್ಕಾ, ನೆಲಾನೂ ಕರಿ ಐತಿ, ಪಟ್ಟಿನೂ ಕರಿ ಐತಿ. ಅದಕ್ಕ ಹೆಂಗ ಗೊತ್ತಾಗಬೇಕು? ಸೀಮೆಸುಣ್ಣದಾಗ ಗೆರಿ ಹೊಡೀರಿ." ಹೊಡೆದರು. ಕೋಡ್‌ನಲ್ಲಿ ಕಂಡೀಷನ್ ತಿರುವಿ ಹಾಕಿದರು, ಸೆನ್ಸರ್ ಎಷ್ಟು ಬೆಳಕಿಗೆ ಸ್ಪಂದಿಸಬೇಕು ಅಂತ ಹೊಂದಿಸುವ ಪ್ರಿಸೆಟ್ ತಿರುಪು ತಿರುಗಿಸಿದರು, ಬಾಗಿಲು ಮುಚ್ಚಿದರು. ಓಡಿತು.

ಇನ್ನೊಂದು, ನನಗೆ ಇನ್ನೂ ಇಷ್ಟವಾದದ್ದು. ದೂರ ಅಳೆಯುವ ಅಲ್ಟ್ರಾಸಾನಿಕ್ ಸೆನ್ಸರ್ ಗೊತ್ತಲ್ಲ, ಎಚ್‌ಸಿ-ಎಸ್‌ಆರ್04, ನೋಡಲಿಕ್ಕೆ ಎರಡು ಕಣ್ಣಿನ ಹಾಗೆ. ಅಸಲಿಗೆ ಒಂದು ಕೂಗುತ್ತದೆ, ಇನ್ನೊಂದು ಕೇಳಿಸಿಕೊಳ್ಳುತ್ತದೆ. ಶಬ್ದ ಹೋಗಿ ಬರಲು ಹಿಡಿದ ಸಮಯದಿಂದ ದೂರದ ಲೆಕ್ಕ. ಮಾರ್ಚ್ ಕೊನೆ, ನಮ್ಮೂರ ಬಿಸಿಲು ಕೇಳಬೇಕೇ? ಮಕ್ಕಳು ಟೇಪು ಹಿಡಿದು ಸರಿಯಾಗಿ ಒಂದು ಮೀಟರಿಗೆ ರಟ್ಟು ನಿಲ್ಲಿಸಿದರು. ಪರದೆ ಮೇಲೆ 96 ಸೆಂಟಿಮೀಟರ್. ಇನ್ನೊಮ್ಮೆ ಮಾಡಿದರೂ 96. "ಸರ್, ನಿಮ್ಮ ಮಷಿನ್ ಸುಳ್ಳ ಹೇಳತೈತ್ರಿ" ಅಂದ ಒಬ್ಬ.

ನಮ್ಮ ಹುಡುಗ ನನ್ನ ಮುಖ ನೋಡಿದ. ನಾನು ಕಿಟಕಿ ಕಡೆ ನೋಡಿದೆ. ಅವನ ಕೋಡ್‌ನಲ್ಲಿ ಶಬ್ದದ ವೇಗ ಸೆಕೆಂಡಿಗೆ 340 ಮೀಟರ್ ಅಂತ ಇತ್ತು. ಸೀನಿಯರ್‌ಗಳ ರೆಕಾರ್ಡ್‌ನಿಂದ ಇಳಿದು ಬಂದ ಸಂಖ್ಯೆ ಅದು, ತಂಪು ಹವೆಗೆ ಸರಿ. ಆದರೆ ಗಾಳಿ ಬಿಸಿಯಾದಷ್ಟೂ ಶಬ್ದ ಜೋರಾಗಿ ಓಡುತ್ತದೆ, ಡಿಗ್ರಿಗೆ ಸುಮಾರು 0.6 ಮೀಟರಿನಂತೆ. 38 ಡಿಗ್ರಿಯಲ್ಲಿ ಅದು 354ರ ಹತ್ತಿರ. ಶಬ್ದ ಬೇಗ ವಾಪಸ್ ಬಂತು, ರಟ್ಟು ಹತ್ತಿರ ಇದೆ ಅಂತ ಮಷಿನ್ ತಿಳಿಯಿತು. ಪಿಯುಸಿಯಲ್ಲಿ ಓದಿ, ಸಿಇಟಿಯಲ್ಲಿ ಬರೆದು ಮರೆತಿದ್ದ ವಿಷಯ. ಅದನ್ನು ಆರನೇ ಕ್ಲಾಸಿನವರಿಗೆ ತಿಳಿಯುವ ಹಾಗೆ ಹೇಳಲು ಬೆವರು ಸುರಿಸಿದ ನೋಡಿ, ಯಾವ ವೈವಾದಲ್ಲೂ ಅವನು ಅಷ್ಟು ಕಷ್ಟಪಟ್ಟಿದ್ದು ನಾನು ನೋಡಿಲ್ಲ. ಮುಂದಿನ ಸಲ ಉಷ್ಣಾಂಶದ ಸೆನ್ಸರ್ ಒಂದನ್ನು ಜೋಡಿಸಿಕೊಂಡು ಬಂದ, ಯಾರೂ ಹೇಳದೆ.

ಒಂದು ದಿನದ ಪ್ರದರ್ಶನವಾಗಿದ್ದರೆ ಏನಾಗುತ್ತಿತ್ತು? "ಸ್ವಲ್ಪ ಎರರ್ ಇರುತ್ತೆ" ಅಂತ ಹೇಳಿ ಬಸ್ ಹತ್ತುತ್ತಿದ್ದ.

"ಶಾಲೆಗೆ ಮೊದಲು ಮಾಸ್ತರು, ಶೌಚಾಲಯ ಬೇಕು, ರೋಬೋಟ್ ಯಾಕೆ?" ಅಂತ ಕೇಳುವವರಿದ್ದಾರೆ. ಕೇಳಲೇಬೇಕಾದ ಮಾತು. ಅದಕ್ಕೇ ಏನು ಮಾಡಬೇಕು ಅಂತ ಮಕ್ಕಳನ್ನೇ ಕೇಳಿ ಅನ್ನುತ್ತೇನೆ. ಅವರು ಕೇಳಿದ್ದು ಮಾತಾಡುವ ರೋಬೋಟನ್ನಲ್ಲ, ನೀರಿನ ಟ್ಯಾಂಕ್ ತುಂಬಿದಾಗ ಕೂಗುವ ಗಂಟೆ. ನೀರು ಸುಮ್ನೆ ಹರಿದು ಹೋಗುವುದನ್ನು ದಿನಾ ನೋಡುವವರು ಅವರು. ಸಸಾರ ಅಂದುಕೊಂಡರು ನಮ್ಮವರು. ಅದೇ ಅಲ್ಟ್ರಾಸಾನಿಕ್ ಸೆನ್ಸರನ್ನು ನೀರಿನ ಕಡೆ ಮುಖಮಾಡಿ ಮುಚ್ಚಳಕ್ಕೆ ಕಟ್ಟಿದರೆ, ಟ್ಯಾಂಕಿನೊಳಗಿನ ತೇವಕ್ಕೆ ಕೆಟ್ಟಿತು. ನೀರು ತಾಗಿದರೂ ಕೆಡದ ಸೆನ್ಸರ್ ತಂದರೆ, ಅದಕ್ಕೆ ಮೊದಲ 20 ಸೆಂಟಿಮೀಟರ್ ಕಾಣುವುದೇ ಇಲ್ಲ! ಅಂದರೆ ಟ್ಯಾಂಕ್ ತುಂಬುವ ಹೊತ್ತಿಗೇ ಕುರುಡು. ಮುಚ್ಚಳದ ಮೇಲೆ ಪೈಪ್ ತುಂಡು ನಿಲ್ಲಿಸಿ ಸೆನ್ಸರನ್ನು ಮೇಲೆತ್ತಬೇಕಾಯಿತು. ದುಡ್ಡು ಕೊಟ್ಟರೆ ರಿಪೋರ್ಟ್ ಸಮೇತ ಸಿಗುವ ರೆಡಿಮೇಡ್ ಪ್ರಾಜೆಕ್ಟುಗಳಲ್ಲಿ ಈ ಪೈಪ್ ತುಂಡು ಸಿಗುವುದಿಲ್ಲ.

ಇದೇನೂ ಹೊಸ ಯೋಚನೆ ಅಲ್ಲ. ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದಲ್ಲಿ 1995ರಿಂದ ಎಪಿಕ್ಸ್ ಅಂತ ಒಂದು ಕಾರ್ಯಕ್ರಮ ನಡೆಯುತ್ತಿದೆ. ಊರಿನ ಶಾಲೆ, ಸಂಸ್ಥೆಗಳಿಗೆ ಬೇಕಾದ್ದನ್ನು ಇಂಜಿನಿಯರಿಂಗ್ ಹುಡುಗರು ಮಾಡಿಕೊಡುತ್ತಾರೆ. ಅದರ ಜಾಣತನ ಏನೆಂದರೆ, ಒಂದೇ ತಂಡದಲ್ಲಿ ಮೊದಲ ವರ್ಷದವರಿಂದ ಕೊನೆ ವರ್ಷದವರ ತನಕ ಇರುತ್ತಾರೆ. ಹಳಬರು ಪಾಸಾಗಿ ಹೋದರೂ ಕೆಲಸ ನಿಲ್ಲುವುದಿಲ್ಲ. ನಮ್ಮಲ್ಲಿ ಎಂಟನೇ ಸೆಮ್ ಮುಗಿದ ದಿನವೇ ಪ್ರಾಜೆಕ್ಟ್ ಅಟ್ಟ ಸೇರುತ್ತದೆ.

ದಾರಿ ಇಲ್ಲ ಅನ್ನಬೇಡಿ. ಬೆಳಗಾವಿಯ ತಾಂತ್ರಿಕ ವಿಶ್ವವಿದ್ಯಾಲಯ ವಿಟಿಯುದ 2022ರ ಪಠ್ಯದಲ್ಲೇ ಮೂರನೇ ಸೆಮಿಸ್ಟರಿಗೆ ಸೋಷಿಯಲ್ ಕನೆಕ್ಟ್ ಅನ್ನುವ ವಿಷಯ ಇದೆ: ಗಿಡ ನೆಡುವುದು, ನೀರು ಉಳಿಸುವುದು ಇತ್ಯಾದಿ. ಡಿಗ್ರಿಗೆ ತಾಂತ್ರಿಕ ಶಿಕ್ಷಣದ ಕೇಂದ್ರ ಮಂಡಳಿ ಎಐಸಿಟಿಇಯ 100 ಆಕ್ಟಿವಿಟಿ ಪಾಯಿಂಟ್ ಬೇರೆ ಬೇಕು. ಶಾಲೆಗಳಿಗೆ ನೆರವಾಗುವುದೂ ಆ ಪಟ್ಟಿಯಲ್ಲಿದೆ. ಸರ್ಟಿಫಿಕೇಟ್ ಗುಡ್ಡೆ ಹಾಕಿ ಪಾಯಿಂಟ್ ತುಂಬಿಸುವ ಬದಲು ಒಂದು ಶಾಲೆ ಹಿಡಿಯಲಿ.

ಆ ಕಡೆ ಶಾಲೆಗಳಲ್ಲೂ ಸಾಮಾನು ಇದೆ. ನೀತಿ ಆಯೋಗದ ಅಟಲ್ ಟಿಂಕರಿಂಗ್ ಲ್ಯಾಬ್ ಸಿಕ್ಕ ಶಾಲೆಗೆ 20 ಲಕ್ಷದ ತನಕ ಅನುದಾನ ಬರುತ್ತದೆ, 6ರಿಂದ 12ನೇ ತರಗತಿಯ ಮಕ್ಕಳು ಕೈಯಾರೆ ಮಾಡಿ ಕಲಿಯಲಿ ಅಂತ. ನಾನು ನೋಡಿದ ಒಂದು ಕಡೆ ಬೀಗ ಹಾಕಿದ ಕಪಾಟಿನಲ್ಲಿದ್ದ ಕಿಟ್‌ಗಳ ಪ್ಲಾಸ್ಟಿಕ್ ಕೂಡ ಬಿಚ್ಚಿರಲಿಲ್ಲ. ಮಕ್ಕಳು ಮುಟ್ಟಿ ಹಾಳಾದರೆ ಲೆಕ್ಕ ಕೊಡುವವರು ಯಾರು ಅನ್ನುವ ಭಯ. ಮಾಸ್ತರರನ್ನು ಬೈದು ಏನೂ ಆಗದು. ಗಣಿತ, ಬಿಸಿಯೂಟ, ಜನಗಣತಿ ಎಲ್ಲ ಅವರ ತಲೆ ಮೇಲೇ ಇದೆ.

ಹಾಗಾಗಿ ಬಾಗಲಕೋಟೆ, ಬಾದಾಮಿ, ಹುನಗುಂದ ಕಡೆಯ ಮಾಸ್ತರರು, ಟೀಚರಮ್ಮನವರು ಯಾರಾದರೂ ಇದನ್ನು ಓದುತ್ತಿದ್ದರೆ ಮೆಸೇಜ್ ಮಾಡಿ. ಶನಿವಾರ ಮುಂಜಾನೆ ನಮ್ಮ ಹುಡುಗರು ಬರುತ್ತಾರೆ. ಮೊದಲು ಮೂರನೇ ಸೆಮ್‌ನವರು, ಆಮೇಲೆ ಅವರ ಜೂನಿಯರ್‌ಗಳು. ಸನ್ಮಾನ, ಶಾಲು ಏನೂ ಬೇಡ. ಕರೆಂಟ್ ಬರುವ ಒಂದು ಪ್ಲಗ್ ಪಾಯಿಂಟ್ ಸಾಕು. ಕಪಾಟಿನ ಕೀಲಿ ಮಾತ್ರ ಹುಡುಕಿ ಇಟ್ಟಿರಿ.