ಅಡಗಿ ಕೂತ ಬೇಡಿಕೆ

ತಜ್ಞರು ಹೇಳುವಂತೆ ಕಾರವಾರದಲ್ಲಿ ಮನೆ ಕೊಳ್ಳುವವರ ಬೇಡಿಕೆ ಎಲ್ಲೋ ಅಡಗಿ ಕೂತಿದೆಯಂತೆ, ಒಂದು ದಿನ ದಿಢೀರನೆ ಚಿಮ್ಮುತ್ತದಂತೆ. ಅಡಗಲು ಅದೇನು ಕಾಳಿ ನದಿ ದಂಡೆಯ ಏಡಿಯೇ? ಭಾನುವಾರ ಹತ್ತು ಗಂಟೆಗೆ ಯಾವುದಾದರೂ ಹೊಸ ಅಪಾರ್ಟ್‌ಮೆಂಟಿನ ಮೆಟ್ಟಿಲ ಬುಡದಲ್ಲಿ ನಿಲ್ಲಿ. ಗಂಡ ಗೋಡೆ ತಟ್ಟುತ್ತಾನೆ, ಹೆಂಡತಿ ಅಡುಗೆಮನೆಯ ನಲ್ಲಿ ತಿರುಗಿಸುತ್ತಾಳೆ, ಮಗ ಟ್ಯಾಂಕ್ ಹತ್ತಿದರೆ ಸಮುದ್ರವೂ ಕಾಣುತ್ತದೆ. ಅದೇ ಸಂಸಾರ ಊಟದ ಹೊತ್ತಿಗೆ ಇನ್ನೂ ಆರು ಏಜೆಂಟರಿಗೆ ನಂಬರ್ ಕೊಟ್ಟಿರುತ್ತದೆ. ಸಂಜೆ ಏಜೆಂಟರ ಲೆಕ್ಕದಲ್ಲಿ ಆ ಒಂದೇ ಗಿರಾಕಿ ಏಳು 'ಪಾರ್ಟಿ'.

ಬಡ್ಡಿ ಇಳಿದರೆ ಏಳೂ ಓಡಿ ಬರುತ್ತವೆ ಎಂದರು. 2025ರಲ್ಲಿ ರೆಪೊ ದರ, ಅಂದರೆ ರಿಸರ್ವ್ ಬ್ಯಾಂಕು ಉಳಿದ ಬ್ಯಾಂಕುಗಳಿಗೆ ಸಾಲ ಕೊಡುವ ಬಡ್ಡಿ, ಶೇ 6.5ರಿಂದ 5.25ಕ್ಕೆ ಇಳಿಯಿತು. 40 ಲಕ್ಷ ಸಾಲ, 20 ವರ್ಷ; ಬಡ್ಡಿ 8.75ರಿಂದ 7.5ಕ್ಕೆ ಬಂದರೆ ಕಂತಿನಲ್ಲಿ ಉಳಿಯುವುದು ತಿಂಗಳಿಗೆ 3,100 ಚಿಲ್ಲರೆ. ಸಂತೋಷ. ಆದರೆ ಗಿರಾಕಿ ಕಂತಿನವರೆಗೆ ತಲುಪಬೇಕಲ್ಲ? 50 ಲಕ್ಷದ ಫ್ಲ್ಯಾಟಿಗೆ ಬ್ಯಾಂಕು ಕೊಡುವುದು ಹೆಚ್ಚೆಂದರೆ 40. ಉಳಿದ 10 ಕೈಯಿಂದ. ಮುದ್ರಾಂಕ ಶುಲ್ಕ, ಸೆಸ್, ಸರ್ಚಾರ್ಜ್ ಸೇರಿ ಶೇ 5.6, ಅಂದರೆ 2.8 ಲಕ್ಷ. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ದುಪ್ಪಟ್ಟಾಗಿ ಶೇ 2. ಅದು ಇನ್ನೊಂದು ಲಕ್ಷ. ಇವನ್ನು ಮನೆಯ ಬೆಲೆಗೆ ಸೇರಿಸಿ ಸಾಲ ಕೊಡುವಂತಿಲ್ಲ. ಅಲ್ಲಿಗೆ 13.8 ಲಕ್ಷ ಜೇಬಿನಲ್ಲಿರಬೇಕು. ಕಟ್ಟಡ ಮುಗಿಯುವ ಮೊದಲೇ ಕೊಂಡರೆ ಶೇ 5 ಜಿಎಸ್‌ಟಿ ಬೇರೆ.

ಇದು ಸಾಚಾ ವ್ಯವಹಾರ. "ಕಾಗದದಲ್ಲಿ 30 ತೋರಿಸುವಾ ಸಾರ್, ಉಳಿದದ್ದು ಕೈಯಲ್ಲಿ ಕೊಡಿ" ಎನ್ನುವ ಮಾಲೀಕ ಸಿಕ್ಕಿದನೋ, ಬ್ಯಾಂಕು ಕಾಗದದ 30ನ್ನೇ ನೋಡುತ್ತದೆ. ಸಣ್ಣ ಸಾಲವೆಂದು ಶೇ 90ರಂತೆ ಕೊಟ್ಟರೂ 27. ಇನ್ನು 23 ಲಕ್ಷ ಹೊಂದಿಸು ತಮ್ಮಾ! ಈ ಪೇಟೆಯಲ್ಲಿ ನಿಜಕ್ಕೂ ಅಡಗಿ ಕೂತಿರುವುದು ಆ ಕಾಗದ ಕಾಣದ 20 ಲಕ್ಷ. ಅದನ್ನು ಹುಡುಕಲು ಮಾತ್ರ ಯಾವ ತಜ್ಞರೂ ಹೊರಡುವುದಿಲ್ಲ.

ಘಟ್ಟ ಹತ್ತಿ ಶಿರಸಿಗೆ ಹೋದರೆ ದುಡ್ಡಿದ್ದವನೂ ಒದ್ದಾಡುತ್ತಾನೆ. ಪಹಣಿಯ 9ನೇ ಕಾಲಮಿನಲ್ಲಿ ತೀರಿಹೋದ ಅಜ್ಜ ಇನ್ನೂ ಮಾಲೀಕ. 11ರಲ್ಲಿ ಸೊಸೈಟಿ ಸಾಲ. ಸಾಲ ತೀರಿ ಎಷ್ಟೋ ಮಳೆಗಾಲ ಕಳೆದರೂ ಬೋಜಾ, ಅಂದರೆ ಪಹಣಿಯಲ್ಲಿನ ಸಾಲದ ನಮೂದು, ಕಮ್ಮಿ ಮಾಡಿಸಿಲ್ಲ. ವಾರಸಾ ಆಗಿ ಖಾತೆ ವಾರಸುದಾರರ ಹೆಸರಿಗೆ ಬರಬೇಕು, ಮುಂಬೈಯ ಅತ್ತೆಯ ಸಹಿ ಬೇಕು. ಆಮೇಲೆ ಜಾಗ ಬೇರ್ಪಡಿಸುವ ಸರ್ವೆಯ 11ಇ ನಕ್ಷೆ, ಕೃಷಿಯೇತರ ಜಾಗ ಎನ್ನುವ ಎನ್‌ಎ, ಪಂಚಾಯ್ತಿಯ ಇ-ಸ್ವತ್ತು ದಾಖಲೆ. ಅಷ್ಟೆಲ್ಲ ಯಾರಿಗೆ ಪುರಸೊತ್ತು? ಮಾರುವವರು ಸಕ್ರಮ ಜಾಗದ ನಮೂನೆಯ ಬದಲು ಸಕ್ರಮವಲ್ಲದ ಜಾಗದ ನಮೂನೆ 11ಬಿ ಹಿಡಿದು "ಅದೂ ಒಂದೇ ಇದೂ ಒಂದೇ ಹೆಗಡೇರೇ" ಎನ್ನುತ್ತಾರೆ. ಬ್ಯಾಂಕಿನ ವಕೀಲರಿಗೆ ಮಾತ್ರ ಎರಡೂ ಬೇರೆ ಬೇರೆ. ಕೊಳ್ಳಲು ಬಂದ ಹೆಗಡೇರು "ಮಾರಿಕಾಂಬೆ ಜಾತ್ರೆ ಮುಗೀಲಿ ನೋಡುವಾ" ಎಂದು ಎದ್ದು ಹೋಗುತ್ತಾರೆ. ಜಾತ್ರೆ ಎರಡು ವರ್ಷಕ್ಕೊಮ್ಮೆ.

ಇತ್ತ ಕಾರವಾರದ ಖಾಲಿ ಫ್ಲ್ಯಾಟಿನ ಪಡುವಣ ಗೋಡೆಗೆ ಜುಲೈನಲ್ಲಿ ಪಸೆ ಏರುತ್ತದೆ, ಬಣ್ಣದಡಿ ಉಪ್ಪು ಉಬ್ಬುತ್ತದೆ. ಡಿಸೆಂಬರಿನಲ್ಲಿ ಅದರ ಮೇಲೆ ಇನ್ನೊಂದು ಕೋಟ್ ಬಳಿದು ಚದರಡಿಗೆ ಇನ್ನೂರು ಏರಿಸುತ್ತಾರೆ, ಬೇಡಿಕೆ ಅಡಗಿದೆಯಲ್ಲ! ಜಾಣರು ಜುಲೈನಲ್ಲೇ ಕೊಡೆ ಹಿಡಿದು ಬಂದು, ಆ ಗೋಡೆಗೆ ಅಂಗೈ ಒತ್ತಿ, ಒದ್ದೆ ಕೈ ಒರೆಸಿಕೊಂಡು ಇಳಿದು ಹೋಗುತ್ತಾರೆ. ಏಜೆಂಟ್ ಅವರ ನಂಬರನ್ನೂ ಬರೆದುಕೊಳ್ಳುತ್ತಾನೆ. ಎಂಟನೇ ಪಾರ್ಟಿ.