ಪುಸ್ತಕ ಇದೆ, ಓದುವವರು ಬೇಕಲ್ವಾ?

ಕತೆಗಾರರು ಬರೆದಿಟ್ಟಿದ್ದರಿಂದಲೇ ಸಿಂಧಿ ಸಂಸ್ಕೃತಿ ಉಳಿಯಿತು ಅಂತ ನಿಮ್ಮ ಲೇಖನದಲ್ಲಿದೆ. ಅಷ್ಟು ಸಲೀಸಾಗಿ ಒಪ್ಪಲಾರೆ. ಬರೆದದ್ದು ಯಾವ ಲಿಪಿಯಲ್ಲಿ? ದೇಶ ಒಡೆದಾಗ ಸಿಂಧ್‌ನಿಂದ (ಅದು ಈಗ ಪಾಕಿಸ್ತಾನದಲ್ಲಿದೆ) ಇಲ್ಲಿಗೆ ಬಂದ ಲೇಖಕರಲ್ಲಿ ಜಾಸ್ತಿ ಜನ ಬರೆದದ್ದು ಬಲದಿಂದ ಎಡಕ್ಕೆ ಓದುವ, 52 ಅಕ್ಷರಗಳ ಅರೇಬಿಕ್ ಮೂಲದ ಲಿಪಿಯಲ್ಲಿ. ಇಲ್ಲಿ ಹುಟ್ಟಿದ ಮಕ್ಕಳು ಕಲಿತದ್ದು ದೇವನಾಗರಿ, ಇಂಗ್ಲಿಷ್. 1967ರಲ್ಲಿ ಸಿಂಧಿ ಸಂವಿಧಾನದ ಭಾಷಾಪಟ್ಟಿಯಾದ ಎಂಟನೇ ಅನುಸೂಚಿಗೆ ಸೇರಿತು, ಸರಿ. ಆದರೆ ನಮಗೆ ಕರ್ನಾಟಕ ಇದ್ದ ಹಾಗೆ ಅವರಿಗೆ ಇಲ್ಲೊಂದು ರಾಜ್ಯವಿಲ್ಲ.

ನಮ್ಮ ಪಕ್ಕದ ಮನೆಯ ಸಿಂಧಿ ಅಜ್ಜಿ ಹೈದರಾಬಾದಿನವರು (ನಿಜಾಮರದ್ದಲ್ಲ, ಸಿಂಧ್‌ನದ್ದು). ಅವರು ತೀರಿಕೊಂಡಾಗ ಒಂದು ಟ್ರಂಕು ತುಂಬ ಪುಸ್ತಕ ಸಿಕ್ಕಿತು. ಮನೆಯಲ್ಲಿ ಒಬ್ಬರಿಗೂ ಓದಲು ಬರಲಿಲ್ಲ. ಅದೇ ಅಜ್ಜಿ ಬಾಯಲ್ಲಿ ಹೇಳುತ್ತಿದ್ದ ಉಮರ್-ಮಾರುಯಿ ಕತೆ ಮೊಮ್ಮಗಳಿಗೆ ಪೂರ್ತಿ ಬರುತ್ತದೆ. ಅರಮನೆಯಲ್ಲಿ ಸೆರೆಯಿಟ್ಟು ರೇಷ್ಮೆ ಕೊಟ್ಟರೂ ತನ್ನೂರಿನ ಒರಟು ಕಂಬಳಿ ಬಿಡದ ಹುಡುಗಿಯ ಕತೆ ಅದು. ಅರ್ಧ ಹಿಂದಿ ಬೆರೆಸಿ ಹೇಳುತ್ತಾಳೆ, ಇರಲಿ ಬಿಡಿ.

ಅಂಥ ಟ್ರಂಕುಗಳಲ್ಲಿರುವುದನ್ನು ದೇವನಾಗರಿಗೆ ಇಳಿಸುವ ಕೆಲಸದ ಬಗ್ಗೆ ನೀವು ಒಂದು ಸಾಲೂ ಬರೆದಿಲ್ಲ, ಯಾಕೆ?