ಗೆದ್ದ ದುಡ್ಡು ದೊಡ್ಡದಾ, ಪಾಯಿಂಟ್ ದೊಡ್ಡದಾ?

ಕೊಡಗಿನಲ್ಲಿ ಕೂತು ಹಾಕಿ ಆಟ ಬಿಟ್ಟು ಗಾಲ್ಫ್ ಬಗ್ಗೆ ಇಷ್ಟುದ್ದ ಬರೆದರೆ ಮನೆಯವರೇ ಬೈಯುತ್ತಾರೆ. ಬೈಯಲಿ. ಬಿಟ್ಟಂಗಾಲದ ಕಡೆ ಗಾಲ್ಫ್ ಆಡುವವರ ಮಧ್ಯೆ ಈ ಜಗಳ ಎಷ್ಟೋ ಸಲ ಆಗಿದೆ, ಒಮ್ಮೆಯೂ ಮುಗಿದಿಲ್ಲ. ಮಳೆಗಾಲದಲ್ಲಂತೂ ಆಟಕ್ಕಿಂತ ಮಾತೇ ಜಾಸ್ತಿ. ಒಂದು ಕೈಯಲ್ಲಿ ಸಾಕ್ಸ್ ಒಳಗಿನ ಜಿಗಣೆ ಕೀಳುತ್ತಾ, ಇನ್ನೊಂದು ಕೈ ಆಡಿಸುತ್ತಾ ವಾದ ನಡೆಯುತ್ತದೆ: ದೊಡ್ಡ ಗಾಲ್ಫ್ ಆಟಗಾರ ಯಾರು ಅಂತ ಹೇಳೋಕೆ ಪಾಯಿಂಟ್ ಯಾಕೆ ಬೇಕು? ಗೆದ್ದ ದುಡ್ಡು ಸಾಲದಾ?

ಸೈನ್ಯದಿಂದ ನಿವೃತ್ತರಾದ ಕರ್ನಲ್ ಅಂಕಲ್ ಒಬ್ಬರು ದುಡ್ಡಿನ ಪಕ್ಷ. "ದುಡ್ಡು ಕಣ್ಣಿಗೆ ಕಾಣುತ್ತೆ ಮಗಾ. ಪಾಯಿಂಟ್ ತಗೊಂಡು ಹೋಗಿ ಬ್ಯಾಂಕಿಗೆ ಹಾಕು ನೋಡೋಣ" ಅನ್ನುತ್ತಾರೆ. ಅವರ ಮಾತು ತೀರಾ ಹಳೇ ಕಾಲದ್ದೇನಲ್ಲ. ಅಮೆರಿಕದ ದೊಡ್ಡ ವೃತ್ತಿಪರ ಗಾಲ್ಫ್ ಸರಣಿಯಾದ ಪಿಜಿಎ ಟೂರ್‌ನಲ್ಲಿ 2012ರವರೆಗೂ ಮುಂದಿನ ವರ್ಷಕ್ಕೆ ಕಾರ್ಡ್, ಅಂದರೆ ಆಡುವ ಹಕ್ಕು, ಉಳಿಯುತ್ತಿದ್ದದ್ದು ದುಡ್ಡಿನ ಪಟ್ಟಿಯ ಮೊದಲ 125 ಜನರಿಗೆ. ಆಮೇಲೆ ಆ ಕೆಲಸ ಟೂರ್‌ನ ವರ್ಷದ ಸ್ಪರ್ಧೆಯಾದ ಫೆಡೆಕ್ಸ್ ಕಪ್ ಪಾಯಿಂಟ್‌ಗೆ ಹೋಯಿತು. ನಮ್ಮ ದೇಶದ ವೃತ್ತಿಪರ ಟೂರ್ ಪಿಜಿಟಿಐನ ಆಟಗಾರರ ಸ್ಥಾನ ಲೆಕ್ಕ ಹಾಕುವುದೂ ಗೆದ್ದ ರೂಪಾಯಿಯ ಮೇಲೆಯೇ.

ನಾನು ಪಾಯಿಂಟ್ ಪಕ್ಷ. ಆದರೆ ಈಗ ನಡೆಯುತ್ತಿರುವ ಪಾಯಿಂಟ್ ಆಟದ ಪಕ್ಷ ಅಲ್ಲ.

ದುಡ್ಡಿನ ತೊಂದರೆ ಏನು ಅಂತ ಕಾಫಿ ಬೆಳೆಯುವವರಿಗೆ ಹೇಳಿಕೊಡಬೇಕಾಗಿಲ್ಲ. ರೋಬಸ್ಟಾ ಚೆರಿ 50 ಕೆಜಿ ಚೀಲಕ್ಕೆ 10 ಸಾವಿರ ದಾಟಿದಾಗ ನಮ್ಮಲ್ಲಿ ಎಲ್ಲರೂ ಜಾಣ ಬೆಳೆಗಾರರಾಗಿಬಿಟ್ಟರು. ಗಿಡ ಅದೇ, ಕಪಾತು ಮಾಡಿದ ಕೈ ಅದೇ, ಔಟ್‌ಟರ್ನ್ (ಚೆರಿಯಿಂದ ಸಿಗುವ ಬೀಜದ ಪ್ರಮಾಣ) ಕೂಡ ಅದೇ. ಬದಲಾಗಿದ್ದು ರೇಟು ಮಾತ್ರ. ಗಾಲ್ಫ್‌ನಲ್ಲೂ ಹೀಗೇ. ಸ್ಯಾಮ್ ಸ್ನೀಡ್ ಪಿಜಿಎ ಟೂರ್‌ನಲ್ಲಿ 82 ಟೂರ್ನಿ ಗೆದ್ದ ಮನುಷ್ಯ. ಇಡೀ ಬದುಕಿನ ಬಹುಮಾನ ಸೇರಿಸಿದರೆ ಸುಮಾರು 6 ಲಕ್ಷ ಡಾಲರ್. ರೋರಿ ಮೆಕಿಲ್ರಾಯ್‌ಗೆ 2025ರ ಮಾಸ್ಟರ್ಸ್ ಟೂರ್ನಿ ಒಂದರಲ್ಲೇ 42 ಲಕ್ಷ ಡಾಲರ್ ಸಿಕ್ಕಿತು.

"ಹಳೇ ಕಾಲ ಬಿಡು, ಒಂದೇ ವರ್ಷ ಆಡಿದವರನ್ನು ಹೋಲಿಸು" ಅಂತಾರೆ ಅಂಕಲ್. ಸರಿ, 2003 ತಗೊಳ್ಳೋಣ. ಫಿಜಿಯ ವಿಜಯ್ ಸಿಂಗ್ ಆ ವರ್ಷ ಸುಮಾರು 76 ಲಕ್ಷ ಡಾಲರ್ ಗೆದ್ದು ದುಡ್ಡಿನ ಪಟ್ಟಿಯ ತುದಿಗೆ ಕೂತರು. ಟೈಗರ್ ವುಡ್ಸ್ ಗೆದ್ದದ್ದು ಸುಮಾರು 67 ಲಕ್ಷ. ಆದರೆ ವಿಜಯ್ ಆಡಿದ್ದು 27 ಟೂರ್ನಿ, ಟೈಗರ್ ಆಡಿದ್ದು ಬರೀ 18. ಗೆಲುವು ವಿಜಯ್‌ಗೆ 4, ಟೈಗರ್‌ಗೆ 5. ವರ್ಷದ ಆಟಗಾರ ಯಾರು ಅಂತ ಟೂರ್‌ನ ಆಟಗಾರರೇ ಮತ ಹಾಕಿ ಟೈಗರ್‌ನನ್ನು ಆರಿಸಿದರು. ದುಡ್ಡು ಬರೀ ಮೊತ್ತ ನೋಡುತ್ತದೆ. ಜಾಸ್ತಿ ಆಡಿದವನಿಗೆ ಜಾಸ್ತಿ ಬರುತ್ತದೆ, ಅಷ್ಟೇ.

1986ರಲ್ಲಿ ಶುರುವಾದ ಜಾಗತಿಕ ರ‍್ಯಾಂಕಿಂಗ್ ನನಗೆ ಇಷ್ಟವಾಗುವುದು ಇದೇ ಕಾರಣಕ್ಕೆ. ಅದು ಎರಡು ವರ್ಷದ ಆಟ ನೋಡುತ್ತದೆ. ಪಾಯಿಂಟ್‌ಗೆ ಮೊದಲ 13 ವಾರ ಪೂರ್ತಿ ಬೆಲೆ, ಆಮೇಲೆ ವಾರವಾರವೂ ಸ್ವಲ್ಪ ಸ್ವಲ್ಪ ಸವೆಯುತ್ತದೆ. ಒಟ್ಟನ್ನು ಆಡಿದ ಟೂರ್ನಿಗಳಿಂದ ಭಾಗಿಸುತ್ತಾರೆ. ಕಮ್ಮಿ ಆಡಿ ಜಾಣತನ ಮಾಡುವವರಿಗೂ ಬೇಲಿ ಇದೆ: ಎಷ್ಟೇ ಕಮ್ಮಿ ಆಡಿದರೂ ಭಾಗಿಸುವುದು 40ರಿಂದಲೇ. ಯಾವ ಟೂರ್ನಿಗೆ ಎಷ್ಟು ತೂಕ ಅನ್ನುವುದೂ ಬಹುಪಾಲು ಅಲ್ಲಿಗೆ ಬಂದ ಆಟಗಾರರ ಬಲ ನೋಡಿಯೇ ನಿರ್ಧಾರವಾಗುತ್ತದೆ. ಮಾಸ್ಟರ್ಸ್ ಥರದ ನಾಲ್ಕು ದೊಡ್ಡ ಟೂರ್ನಿ, ಅಂದರೆ ಮೇಜರ್‌ಗಳದ್ದು ಬೇರೆ, ಗೆದ್ದವನಿಗೆ ಸೀದಾ 100.

ಫೆಡೆಕ್ಸ್ ಕಪ್ ಕಥೆ ಬೇರೆ. ಸಾಮಾನ್ಯ ಟೂರ್ನಿಯಲ್ಲಿ ಗೆದ್ದವನಿಗೆ 500 ಪಾಯಿಂಟ್, ಎರಡನೆಯವನಿಗೆ 300, ಮೂರನೆಯವನಿಗೆ 190. ಈಗ ದುಡ್ಡು ನೋಡಿ. ಗೆದ್ದವನಿಗೆ ಒಟ್ಟು ಬಹುಮಾನದ ಶೇ. 18, ಎರಡನೆಯವನಿಗೆ ಶೇ. 11ರ ಹತ್ತಿರ, ಮೂರನೆಯವನಿಗೆ ಶೇ. 7ರ ಹತ್ತಿರ. ಕ್ಯಾಲ್ಕುಲೇಟರ್ ಒತ್ತಿ ನೋಡಿದರೆ ಎರಡರ ಅನುಪಾತವೂ ಹೆಚ್ಚು ಕಮ್ಮಿ ಒಂದೇ! ಅಂದರೆ ಒಂದು ಟೂರ್ನಿಯ ಒಳಗೆ ಪಾಯಿಂಟ್ ಅನ್ನುವುದು ವೇಷ ಹಾಕಿದ ದುಡ್ಡೇ. ಈ ಪದ್ಧತಿಯ ಒಳ್ಳೆಯತನ ಇದ್ದದ್ದು ಟೂರ್ನಿ ಟೂರ್ನಿಯ ನಡುವೆ. ಸಣ್ಣ ಊರಿನ ಸಣ್ಣ ಬಹುಮಾನದ ಟೂರ್ನಿ ಗೆದ್ದರೂ 500, ಅದರ ಎರಡು ಪಟ್ಟು ಬಹುಮಾನದ್ದು ಗೆದ್ದರೂ 500. ನಾನು ಪಾಯಿಂಟ್ ಪಕ್ಷ ಸೇರಿದ್ದು ಇದನ್ನು ನೋಡಿಯೇ.

ಕಪ್ ಯಾರಿಗೆ ಅಂತ ನಿರ್ಧರಿಸುವ ವರ್ಷದ ಕೊನೆಯ ಪ್ಲೇಆಫ್ ಟೂರ್ನಿಗಳ ಬಗ್ಗೆ ಜಾಸ್ತಿ ಹೇಳಲ್ಲ. 2025ರಲ್ಲಿ ಅವುಗಳಲ್ಲಿ ಮೊದಲ ಎರಡರ ಗೆಲುವಿಗೆ 2000 ಪಾಯಿಂಟ್ ಇತ್ತು. 2008ರಲ್ಲಿ ಇದೇ ವಿಜಯ್ ಸಿಂಗ್ ಮೊದಲ ಎರಡು ಪ್ಲೇಆಫ್ ಗೆದ್ದು ಎಷ್ಟು ಮುಂದೆ ಹೋದರು ಅಂದರೆ, ಕೊನೆಯ ಟೂರ್ನಿಯನ್ನು ಸುಮ್ನೆ ಆಡಿ ಮುಗಿಸಿದರೂ ಕಪ್ ಅವರದ್ದೇ. ಮುಂದಿನ ವರ್ಷವೇ ನಿಯಮ ಬದಲಾಯಿತು. 2019ರಿಂದ 2024ರವರೆಗೆ ಇನ್ನೊಂದು ತಮಾಷೆ: ಕೊನೆಯ ಟೂರ್ನಿಯಲ್ಲಿ ಪಾಯಿಂಟ್ ಪಟ್ಟಿಯ ಮೊದಲಿಗ ಒಂದು ಚೆಂಡನ್ನೂ ಹೊಡೆಯುವ ಮೊದಲೇ 10 ಅಂಡರ್, ಅಂದರೆ ನಿಗದಿತ ಹೊಡೆತಗಳಿಗಿಂತ 10 ಕಮ್ಮಿ! 2025ರಲ್ಲಿ ಅದನ್ನು ತೆಗೆದರು, ಪುಣ್ಯ.

ಪಾಯಿಂಟ್ ಇಲ್ಲದಿದ್ದರೆ ದುಡ್ಡಿಗೆ ಎಷ್ಟು ಬೆಲೆ ಅಂತ ತಿಳಿಯಬೇಕಾದರೆ ಅನಿರ್ಬನ್ ಲಾಹಿರಿಯನ್ನು ನೋಡಬೇಕು. ಬೆಂಗಳೂರಿನಲ್ಲಿ ಪಳಗಿದ ಆಟಗಾರ. 2022ರ ಮಾರ್ಚ್‌ನಲ್ಲಿ ಪ್ಲೇಯರ್ಸ್ ಚಾಂಪಿಯನ್‌ಶಿಪ್‌ನಲ್ಲಿ ಕ್ಯಾಮರಾನ್ ಸ್ಮಿತ್‌ಗಿಂತ ಒಂದೇ ಒಂದು ಹೊಡೆತ ಹಿಂದೆ ಬಿದ್ದು ಎರಡನೆಯವರಾದರು. ಒಂದೇ ವಾರದಲ್ಲಿ 21 ಲಕ್ಷ ಡಾಲರ್ ಮೀರಿದ ಬಹುಮಾನ. ಅದೇ ವರ್ಷ ಸೌದಿ ದುಡ್ಡಿನ ಲಿವ್ ಗಾಲ್ಫ್ ಸೇರಿದರು. ಅಲ್ಲಿ ವೈಯಕ್ತಿಕ ಆಟದ ಒಟ್ಟು ಬಹುಮಾನವೇ ಟೂರ್ನಿಗೆ 2 ಕೋಟಿ ಡಾಲರ್. ಆದರೆ ಆಗ ಅಲ್ಲಿ ಜಾಗತಿಕ ರ‍್ಯಾಂಕಿಂಗ್ ಪಾಯಿಂಟ್ ಸೊನ್ನೆ. ಹಳೇ ಪಾಯಿಂಟ್ ಸವೆಯುತ್ತಾ ಹೋಯಿತು, ಸ್ಥಾನ ಇಳಿಯುತ್ತಾ ಹೋಯಿತು. ಒಲಿಂಪಿಕ್ಸ್‌ಗೆ 60 ಆಟಗಾರರನ್ನು ಆರಿಸುವುದು ರ‍್ಯಾಂಕಿಂಗ್ ನೋಡಿಯೇ. ರಿಯೋ, ಟೋಕಿಯೋ ಎರಡರಲ್ಲೂ ಆಡಿದ್ದ ಲಾಹಿರಿ 2024ರ ಪ್ಯಾರಿಸ್‌ನಲ್ಲಿ ಇರಲಿಲ್ಲ. ನಮ್ಮ ಗಂಡಸರ ಕಡೆಯಿಂದ ಹೋದದ್ದು ಶುಭಂಕರ್ ಶರ್ಮಾ, ಗಗನ್‌ಜೀತ್ ಭುಲ್ಲರ್. ಬ್ಯಾಂಕಿಗೆ ಹಾಕೋಕೆ ಬಾರದ ಪಾಯಿಂಟ್‌ನ ಕೆಲಸ ಇದು, ಅಂಕಲ್.

2023ರ ಅಕ್ಟೋಬರ್‌ನಲ್ಲಿ ಲಿವ್‌ನ ಅರ್ಜಿಯನ್ನು ರ‍್ಯಾಂಕಿಂಗ್ ಸಂಸ್ಥೆ ತಳ್ಳಿಹಾಕಿತು. ಮುಖ್ಯ ಕಾರಣ: ಅದೇ ಆಟಗಾರರು ಅಲ್ಲೇ ಸುತ್ತುತ್ತಿರುತ್ತಾರೆ, ಹೊರಗಿನವನು ಆಡಿ ಗೆದ್ದು ಒಳಗೆ ಬರುವ ದಾರಿ ಸಾಲದು. ನ್ಯಾಯವಾದ ಮಾತು, ನನಗೆ ತಕರಾರಿಲ್ಲ.

ಹಾಗಾದರೆ ಪಿಜಿಎ ಟೂರ್‌ನ ಸಿಗ್ನೇಚರ್ ಟೂರ್ನಿಗಳಿಗೂ ಅದೇ ಮಾತು ಹೇಳಬೇಕಲ್ವಾ? 2025ರಲ್ಲಿ ಇಂಥವು ಎಂಟು. ಒಂದೊಂದಕ್ಕೂ 2 ಕೋಟಿ ಡಾಲರ್ ಬಹುಮಾನ. ಗೆದ್ದವನಿಗೆ 500 ಅಲ್ಲ, 700 ಪಾಯಿಂಟ್. ಬಹುಪಾಲು ಟೂರ್ನಿಗಳಲ್ಲಿ ಆಡುವವರು 70-80 ಜನ. ಅವರಲ್ಲಿ ಹಿಂದಿನ ವರ್ಷದ ಮೊದಲ 50 ಜನರಿಗೆ ಜಾಗ ಮೊದಲೇ ಗಟ್ಟಿ. ಎಂಟರಲ್ಲಿ ಐದಕ್ಕೆ ಕಟ್ ಕೂಡ ಇರಲಿಲ್ಲ. ಬೇರೆ ಕಡೆ ಎರಡು ದಿನ ಕೆಟ್ಟದಾಗಿ ಆಡಿದರೆ ದುಡ್ಡೂ ಇಲ್ಲ, ಪಾಯಿಂಟೂ ಇಲ್ಲ, ಗಂಟುಮೂಟೆ ಕಟ್ಟಬೇಕು. ಇಲ್ಲಿ ನಾಲ್ಕು ದಿನವೂ ಆಡಿ, ಕೊನೆಗೆ ಬಂದರೂ ಏನಾದರೂ ಕೈಗೆ ಹತ್ತುತ್ತದೆ. ಆ ಪಾಯಿಂಟ್ ಮುಂದಿನ ವರ್ಷ ಮತ್ತೆ ಆ 50ರೊಳಗೆ ಉಳಿಯೋಕೆ ಸಹಾಯ. ಹೊಸಬರಿಗೆ ಒಂದಷ್ಟು ಸೀಟು ಇಟ್ಟಿದ್ದಾರೆ, ಇಲ್ಲ ಅನ್ನಲ್ಲ. ಆದರೆ ಮುಂಬಾಗಿಲಿಂದ ಕಳಿಸಿದ ದುಡ್ಡಿನ ಪಟ್ಟಿಯನ್ನು ಹಿತ್ತಲ ಬಾಗಿಲಿಂದ ಕರೆದು ಕೂರಿಸಿದ ಹಾಗಾಯಿತು.

"ಅಲ್ಲಿ ಬಲವಾದ ಆಟಗಾರರು ಬರುತ್ತಾರೆ, ಗೆಲ್ಲೋದು ಕಷ್ಟ" ಅನ್ನುವವರಿದ್ದಾರೆ. ಕಷ್ಟ ಹೌದು. ಹಾಗಿದ್ದರೆ ಜಾಗತಿಕ ರ‍್ಯಾಂಕಿಂಗ್ ಮಾಡುವ ಹಾಗೆ, ಬಂದವರ ಬಲ ಲೆಕ್ಕ ಹಾಕಿ ವಾರವಾರವೂ ತೂಕ ಕೊಡಲಿ. ವರ್ಷ ಶುರುವಾಗುವ ಮೊದಲೇ ಬಹುಮಾನದ ಗಾತ್ರ ನೋಡಿ 700 ಅಂತ ಬರೆದಿಡುವುದು ಯಾಕೆ? ಬಹುಮಾನ 2 ಕೋಟಿ ಇಡಲಿ, 4 ಕೋಟಿ ಇಡಲಿ, ಅದು ಪ್ರಾಯೋಜಕರ ಇಷ್ಟ. ಬಲ ಲೆಕ್ಕ ಹಾಕೋಕೆ ಆಗದಿದ್ದರೆ, ಯಾವ ಟೂರ್ನಿ ಗೆದ್ದರೂ ಪಾಯಿಂಟ್ 500 ಇರಲಿ. ಇಲ್ಲದಿದ್ದರೆ ಹಳೇ ದುಡ್ಡಿನ ಪಟ್ಟಿಯನ್ನೇ ವಾಪಸ್ ತರಲಿ, ಕರ್ನಲ್ ಅಂಕಲ್ ಆದರೂ ಖುಷಿಯಾಗಿರುತ್ತಾರೆ.